ಮೊದಲು ಕೋಣೆ, ಆಮೇಲೆ ಸ್ಪೀಕರ್

ದುಬಾರಿ ಸ್ಪೀಕರ್ ಕೊಳ್ಳಲು ಹೊರಟವರ ಮಾತುಕತೆಯನ್ನು ಹತ್ತು ನಿಮಿಷ ಕೇಳಿಸಿಕೊಳ್ಳಿ. ಬ್ರಿಟಿಷ್ ಸ್ಪೀಕರೋ ಡ್ಯಾನಿಶ್ ಸ್ಪೀಕರೋ, ಆಂಪ್ಲಿಫೈಯರ್ ವಾಲ್ವಿನದೋ ಟ್ರಾನ್ಸಿಸ್ಟರಿನದೋ, ಕೇಬಲ್ಲು ತಾಮ್ರದ್ದೋ ಬೆಳ್ಳಿಯದೋ, ಸ್ಟ್ರೀಮರ್ ಬೇರೆ ಬೇಕೋ ಬೇಡವೋ, ಎಲ್ಲವೂ ಬರುತ್ತದೆ. ಬಾರದ ಪ್ರಶ್ನೆ ಒಂದೇ: ಇದನ್ನೆಲ್ಲ ಇಡುವ ಕೋಣೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರ? ಐದು ಲಕ್ಷ ರೂಪಾಯಿಯ ವ್ಯವಹಾರ ಮುಗಿದು, ಪೆಟ್ಟಿಗೆಗಳು ಲಿಫ್ಟಿನಲ್ಲಿ ಮೇಲೆ ಬಂದ ನಂತರ, ಟಿವಿಯ ಆಚೀಚೆ ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ ಸ್ಪೀಕರುಗಳು ನಿಲ್ಲುತ್ತವೆ. ಸೋಫಾ ಎಂದಿನಂತೆ ಎದುರುಗೋಡೆಗೆ ಒರಗಿಕೊಂಡೇ ಇರುತ್ತದೆ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಫ್ಲಾಟುಗಳಲ್ಲಿ ಹೈ-ಎಂಡ್ ಆಡಿಯೊಗೆ ಸುರಿಯುವ ಹಣದ ದೊಡ್ಡ ಪಾಲು ದಂಡವಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಉಪಕರಣಗಳು ಕೆಟ್ಟವು ಅಂತಲ್ಲ. ಅವುಗಳ ಗುಣ ನಮ್ಮ ಕಿವಿಗೆ ಮುಟ್ಟುವ ಮೊದಲೇ ಕೋಣೆ ಅದನ್ನು ತಿಂದುಹಾಕುತ್ತದೆ. ಎರಡು ಲಕ್ಷದ ಸ್ಪೀಕರನ್ನು ತಪ್ಪು ಜಾಗದಲ್ಲಿಟ್ಟರೆ, ಸರಿಯಾದ ಜಾಗದಲ್ಲಿಟ್ಟ ನಲವತ್ತು ಸಾವಿರದ ಸ್ಪೀಕರಿನ ಮುಂದೆ ಅದು ಸೋಲುತ್ತದೆ.

ಇದು ಶ್ರೀಮಂತರ ಹವ್ಯಾಸದ ಗೊಣಗಾಟ ಅನ್ನಿಸಬಹುದು. ಆದರೆ ಹೊರನಾಡಿನಲ್ಲಿರುವ ನಮಗೆ ಮನೆಯ ಸ್ಪೀಕರು ಬರೀ ಮನರಂಜನೆಯ ವಸ್ತುವಲ್ಲ. ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ಮಲ್ಲಿಕಾರ್ಜುನ ಮನ್ಸೂರರ ವಚನ, ದೊರೆಸ್ವಾಮಿ ಅಯ್ಯಂಗಾರರ ವೀಣೆ ಮೊದಲು ಕೇಳಿಸುವುದು ಅದರಿಂದಲೇ. ವಚನದ ಮಾತೇ ತಿಳಿಯದಂತೆ ಕೋಣೆ ಗುಂಯ್ಗುಟ್ಟಿದರೆ, "ಇದೆಂಥ ಹಾಡಪ್ಪಾ" ಎಂದು ಅವಳು ಎದ್ದು ಹೋಗುತ್ತಾಳೆ. ಅವಳ ಕಿವಿ ಸರಿಯಾಗಿಯೇ ಇದೆ. ಆ ಕೋಣೆಯಲ್ಲಿ ಆ ಹಾಡು ನಿಜಕ್ಕೂ ಸರಿಯಾಗಿ ಕೇಳುತ್ತಿರಲಿಲ್ಲ.

ಮೆತ್ತೆ ಹೊತ್ತ ಪ್ರೊಫೆಸರ್

ಕೋಣೆಗೆ ತನ್ನದೇ ದನಿ ಇದೆ ಎಂಬುದನ್ನು ಲೆಕ್ಕಕ್ಕೆ ತಂದವನು ವ್ಯಾಲೇಸ್ ಕ್ಲೆಮೆಂಟ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಮ್ಮಿನಲ್ಲಿ ಹೊಸ ಉಪನ್ಯಾಸ ಭವನ ಕಟ್ಟಿದ್ದರು. ಅಲ್ಲಿ ಯಾರು ಮಾತಾಡಿದರೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಪದ ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತು ಪದಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ಇದನ್ನು ಸರಿಪಡಿಸುವ ಕೆಲಸ 27 ವಯಸ್ಸಿನ ಸಬೈನನ ಪಾಲಿಗೆ ಬಂತು.

ಆತ ಹಿಡಿದ ದಾರಿ ಸರಳ. ಊರು ಮಲಗಿದ ಮೇಲೆ, ರಾತ್ರಿಯ ನಿಶ್ಶಬ್ದದಲ್ಲಿ, ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಭವನದೊಳಗೆ ಹಾಸುವುದು. ಆರ್ಗನ್ನಿನ ಒಂದು ಕೊಳವೆಯನ್ನು ಊದಿ ನಿಲ್ಲಿಸಿ, ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರದಲ್ಲಿ ನೋಡುವುದು. ಇನ್ನಷ್ಟು ಮೆತ್ತೆ ತಂದು ಮತ್ತೆ ಅಳೆಯುವುದು. ಬೆಳಗಾಗುವುದರೊಳಗೆ ಎಲ್ಲವನ್ನೂ ವಾಪಸು ಇಟ್ಟುಬರುವುದು. ಕೋಣೆಯ ಗಾತ್ರಕ್ಕೂ, ಸದ್ದನ್ನು ಹೀರುವ ವಸ್ತುಗಳ ಅಳತೆಗೂ, ಸದ್ದು ಉಳಿಯುವ ಕಾಲಕ್ಕೂ ಇರುವ ಸೂತ್ರ ಈ ಕೆಲಸದಿಂದ ಹುಟ್ಟಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಅದೇ ಲೆಕ್ಕದ ಮೇಲೆ ನಿಂತಿತು. ಇಂದಿಗೂ ಜಗತ್ತಿನ ಉತ್ತಮ ಸಂಗೀತ ಭವನಗಳ ಸಾಲಿನಲ್ಲಿ ಅದರ ಹೆಸರಿದೆ.

ಸಬೈನ್ ಭಾಷಣಕಾರನನ್ನು ಬದಲಿಸಲಿಲ್ಲ, ಮೆತ್ತೆ ತಂದ. ನಾವು ಮಾಡುತ್ತಿರುವುದು ತದ್ವಿರುದ್ಧ. ಮಾತು ತಿಳಿಯದಿದ್ದರೆ ಇನ್ನೂ ದುಬಾರಿ ಭಾಷಣಕಾರನನ್ನು ಕರೆಸುತ್ತೇವೆ.

565ನ್ನು ಅಡಿಯಿಂದ ಭಾಗಿಸಿ

ಮನೆಯ ಕೋಣೆಯಲ್ಲಿ ದೊಡ್ಡ ತೊಂದರೆ ಕೆಳಗಿನ ಸ್ವರಗಳದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಓಡಿ ಮರಳುವ ಅಲೆಯೊಂದು ಅಲ್ಲೇ ಕಟ್ಟುಬಿದ್ದು ನಿಲ್ಲುತ್ತದೆ. ಅದು ಯಾವ ಸ್ವರ ಎಂದು ತಿಳಿಯಲು 565ನ್ನು ಕೋಣೆಯ ಅಳತೆಯಿಂದ, ಅಡಿಗಳಲ್ಲಿ, ಭಾಗಿಸಿದರೆ ಸಾಕು. 16 ಅಡಿಯ ಹಾಲ್‌ಗೆ 35 ಹರ್ಟ್ಸ್, 12 ಅಡಿಗೆ 47, 10 ಅಡಿಗೆ 56. ಅವುಗಳ ಎರಡು ಪಟ್ಟು, ಮೂರು ಪಟ್ಟು ಸ್ವರಗಳೂ ಹೀಗೆಯೇ ನಿಲ್ಲುತ್ತವೆ.

ಈಗ ನಮ್ಮ ಬಿಲ್ಡರುಗಳಿಗೆ ಬಲು ಪ್ರಿಯವಾದ 10ಕ್ಕೆ 10ರ ಕೋಣೆಯನ್ನು ನೋಡಿ. ಉದ್ದದಿಂದ 56, ಅಗಲದಿಂದ 56, ಒಂಬತ್ತೂವರೆ ಅಡಿಯ ಸೂರಿನಿಂದ 59. ಮೂರೂ ಒಂದೇ ಕಡೆ ಗುಂಪುಗೂಡಿದವು. ಆ ಸ್ವರ ಬಂದಾಗಲೆಲ್ಲ ಕೋಣೆ ಊದಿಕೊಳ್ಳುತ್ತದೆ. ಅದರ ಆಚೀಚೆಯ ಸ್ವರಗಳು ಸೊರಗುತ್ತವೆ. ತಬಲಾದ ಡಗ್ಗಾ, ಮೃದಂಗದ ತೊಪ್ಪಿ, ಗಂಡು ತಂಬೂರಿಯ ಖರ್ಜದ ತಂತಿ, ಎಲ್ಲವೂ ಕೋಣೆಯ ಇಂಥ ಹಟಗಳು ಜೋರಾಗಿರುವ ಪ್ರದೇಶದಲ್ಲೇ ಇವೆ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಸ್ವರ ಏರುತ್ತ ಹೋಗುತ್ತದಲ್ಲ, ಆ ಜಾರು ಒಂದು ಕಡೆ ಸಿಡಿದು ಇನ್ನೊಂದು ಕಡೆ ಮಾಯವಾದರೆ ಅದು ವಾದಕನ ಕೈಯ ದೋಷವಲ್ಲ, ಸ್ಪೀಕರಿನದೂ ಅಲ್ಲ.

ಪತ್ರಿಕೆಗಳಲ್ಲೂ ಯೂಟ್ಯೂಬಿನಲ್ಲೂ ಸಿಗುವ ಸಲಹೆಗಳು ನಮಗೆ ಪೂರ್ತಿ ಒಗ್ಗದಿರಲು ಇಲ್ಲೇ ಕಾರಣವಿದೆ. ಅವುಗಳಲ್ಲಿ ಬಹಳಷ್ಟು ಅಮೆರಿಕದ ಮನೆಗಳಿಗೆ ಬರೆದವು. ಅಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳು. ಬಾಸ್ ಬಂದಾಗ ಆ ಗೋಡೆ ತಾನೇ ಸ್ವಲ್ಪ ಅಲುಗಿ, ಒಂದಿಷ್ಟನ್ನು ಹೀರಿ, ಒಂದಿಷ್ಟನ್ನು ಹೊರಗೆ ಬಿಡುತ್ತದೆ. ನಮ್ಮದು ಇಟ್ಟಿಗೆ, ಕಾಂಕ್ರೀಟು. ಅದು ಅಲುಗುವುದಿಲ್ಲ, ಬಂದ ಬಾಸನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತದೆ. ಜೊತೆಗೆ ವಿಟ್ರಿಫೈಡ್ ಟೈಲ್ಸಿನ ನೆಲ, ಗೋಡೆಯಗಲದ ಸ್ಲೈಡಿಂಗ್ ಗಾಜು. ಒಮ್ಮೆ ಕೋಣೆಯ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ. 'ಝಿಂಗ್' ಎಂದು ಬಾಲ ಬೆಳೆಸಿಕೊಂಡು ಹೋಗುವ ಸದ್ದು ಕೇಳುತ್ತದೆ. ನೀವು ಹಾಕುವ ಪ್ರತಿ ಹಾಡಿಗೂ ಆ ಬಾಲ ಅಂಟಿಕೊಂಡಿರುತ್ತದೆ.

ಖರ್ಚಿಲ್ಲದ ಒಂದು ಭಾನುವಾರ

ಕೋಣೆಯನ್ನು ಕೆಡವಿ ಕಟ್ಟಲಾಗದು, ನಿಜ. ಸ್ಪೀಕರನ್ನೂ ಕುರ್ಚಿಯನ್ನೂ ಸರಿಸಬಹುದಲ್ಲ? ಈ ಹವ್ಯಾಸದಲ್ಲಿ ಪುಕ್ಕಟೆಯಾಗಿ ಸಿಗುವ ಅತಿ ದೊಡ್ಡ ಸುಧಾರಣೆ ಇದೇ. ಪುಕ್ಕಟೆ ಎಂಬ ಕಾರಣಕ್ಕೇ ಅದರ ಬಗ್ಗೆ ಯಾರೂ ಜಾಹೀರಾತು ಕೊಡುವುದಿಲ್ಲ.

ಮೊದಲ ಕೆಲಸ, ಕೇಳುವ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಬಿಡಿಸುವುದು. ಗೋಡೆಗೆ ತಲೆ ತಾಗಿಸಿ ಕುಳಿತರೆ ಬಾಸ್ ಅತಿಯಾಗುತ್ತದೆ. ಕೋಣೆಯ ನಟ್ಟನಡುವೆ ಕುಳಿತರೆ ಮೊದಲ ನಿಂತ ಅಲೆ ಅಲ್ಲಿ ಸೊನ್ನೆಯಾಗಿ ಬಾಸ್ ಮಾಯವಾಗುತ್ತದೆ. ಉದ್ದದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಗೋಡೆಯಿಂದ ಮುಂದೆ ಬಂದ ಜಾಗ ಒಳ್ಳೆಯ ಆರಂಭ. 16 ಅಡಿಯ ಹಾಲ್‌ನಲ್ಲಿ ಸುಮಾರು ಆರು ಅಡಿ ಆಗುತ್ತದೆ. ಅಷ್ಟು ಆಗದಿದ್ದರೆ ಎರಡಡಿಯಾದರೂ ಸರಿ.

ಎರಡನೆಯದು, ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು. ಟ್ವೀಟರು ಕುಳಿತವರ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ ಮೂರಡಿ ಅಥವಾ ಇನ್ನೂ ತುಸು ಮೇಲಕ್ಕೆ ಇರಬೇಕು. ಎಡ ಸ್ಪೀಕರಿಗೆ ಎಡಗೋಡೆ ಎಷ್ಟು ದೂರವೋ ಬಲ ಸ್ಪೀಕರಿಗೆ ಬಲಗೋಡೆ ಹೆಚ್ಚುಕಡಿಮೆ ಅಷ್ಟೇ ದೂರ ಇರಬೇಕು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಊಟದ ಮನೆಯ ಬಯಲು ಇದ್ದರೆ ಹಾಡುಗಾರ ಗೋಡೆಯ ಕಡೆಗೆ ವಾಲುತ್ತಾನೆ.

ಮೂರನೆಯದು, ಸ್ಪೀಕರಿನ ಹಿಂದಿನ ಗೋಡೆ. ಬಾಸ್ ಎಲ್ಲ ದಿಕ್ಕಿಗೂ ಹರಡುತ್ತದೆ. ಹಿಂದಿನ ಗೋಡೆಗೆ ಬಡಿದು ತಿರುಗಿ ಬಂದದ್ದು ನೇರ ಬಂದದ್ದರ ಜೊತೆ ಜಗಳಕ್ಕೆ ಬೀಳುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ ಎರಡಡಿ ದೂರವಿದ್ದರೆ 141 ಹರ್ಟ್ಸಿನಲ್ಲಿ, ಮೂರಡಿ ಇದ್ದರೆ 94 ಹರ್ಟ್ಸಿನಲ್ಲಿ ಕುಳಿ ಬೀಳುತ್ತದೆ. ಮೂರಿಂಚು ಸರಿಸಿದರೂ ದನಿ ಬದಲಾಗುವುದು ಇದರಿಂದಲೇ. ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೊಂದು ಜಾಗಕ್ಕೂ ಗುರುತು ಹಾಕಿ, ಒಂದೇ ಹಾಡನ್ನು ಮತ್ತೆಮತ್ತೆ ಕೇಳಿ. ಮನೆಯಲ್ಲಿ ಇನ್ನೊಬ್ಬರು ಸ್ಪೀಕರ್ ಸರಿಸಿ, ನೀವು ಕಣ್ಣುಮುಚ್ಚಿ ಕುಳಿತರೆ ಇನ್ನೂ ಒಳ್ಳೆಯದು.

ಯಾವ ಹಾಡು ಎಂದು ಕೇಳುವವರಿಗೆ ನನ್ನ ಸಲಹೆ ಹಳೆಯ ಮೋನೋ ಧ್ವನಿಮುದ್ರಣ. ಆಕಾಶವಾಣಿಯ ಕಾಲದ ಒಂದು ಗಾಯನ, ಇಲ್ಲವೇ ಹಳೆಯ ಚಿತ್ರಗೀತೆ. ಹೈ-ಎಂಡ್ ಮಂದಿ ಇವನ್ನು ಮುಟ್ಟುವುದಿಲ್ಲ, 'ಡೆಮೊ ಟ್ರ್ಯಾಕ್' ಬೇಕೆನ್ನುತ್ತಾರೆ. ಆದರೆ ಮೋನೋದಲ್ಲಿ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ದನಿ. ಸ್ಪೀಕರು, ಕುರ್ಚಿ, ಕೋಣೆ ಮೂರೂ ಹೊಂದಿಕೊಂಡಿದ್ದರೆ ಹಾಡುವವರು ಎರಡು ಪೆಟ್ಟಿಗೆಗಳ ನಟ್ಟನಡುವೆ, ಒಂದು ತಲೆಯಷ್ಟೇ ಅಗಲವಾಗಿ, ಬಂದು ಕೂರಬೇಕು. ದನಿ ಗೋಡೆಯುದ್ದಕ್ಕೂ ಹರಡಿದರೆ, ಒಂದು ಬದಿಗೆ ಎಳೆದರೆ, ಇನ್ನೂ ಸರಿಸುವುದಿದೆ ಎಂದರ್ಥ. ಇದಾದ ಮೇಲೆ ಕನ್ನಡದ ಮಾತು ಹಾಕಿ. ಯಾವುದಾದರೂ ನಾಟಕ, ಓದು. ಒತ್ತಕ್ಷರಗಳು ಬಿಡಿಬಿಡಿಯಾಗಿ ಕೇಳಬೇಕು. ಮನುಷ್ಯರ ಮಾತು ಹೇಗಿರುತ್ತದೆಂದು ನಮ್ಮ ಕಿವಿಗೆ ಚೆನ್ನಾಗಿ ಗೊತ್ತು. ಅದನ್ನು ಮೋಸಗೊಳಿಸುವುದು ಕಷ್ಟ.

ಗಾದಿ, ಪುಸ್ತಕ, ರಾಕ್‌ವೂಲ್

ಸರಿಸುವುದು ಮುಗಿದ ಮೇಲೆ ಗೋಡೆಗಳ ಕೆಲಸ. ಕೇಳುವ ಜಾಗದಲ್ಲಿ ನೀವು ಕುಳಿತು, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಹಿಡಿದು ನಡೆಯಲಿ. ಕನ್ನಡಿಯಲ್ಲಿ ಎಲ್ಲಿ ಸ್ಪೀಕರು ಕಂಡಿತೋ ಅಲ್ಲಿಂದಲೇ ಸದ್ದೂ ಪುಟಿದು ನಿಮ್ಮ ಕಿವಿಗೆ ಬರುತ್ತಿದೆ. ಈ ಮೊದಲ ಪ್ರತಿಫಲನ ಕೆಲವೇ ಮಿಲಿಸೆಕೆಂಡು ತಡವಾಗಿ ಬರುವುದರಿಂದ ಪ್ರತಿಧ್ವನಿ ಎಂದು ಬೇರೆಯಾಗಿ ಕೇಳುವುದಿಲ್ಲ. ಮೂಲ ದನಿಯಲ್ಲೇ ಕಲಸಿಹೋಗಿ ಅದರ ಬಣ್ಣ ಬದಲಿಸುತ್ತದೆ. ಅಲ್ಲಿ ಪುಸ್ತಕದ ಕಪಾಟು ಇಡಿ. ಎತ್ತರ ತಗ್ಗಿನ ಪುಸ್ತಕಗಳು ಸದ್ದನ್ನು ಚದುರಿಸುತ್ತವೆ. ಎದುರಿನ ನೆಲಕ್ಕೆ ದಪ್ಪ ಜಮಖಾನೆ ಹಾಸಿ. ಗಾಜಿಗೆ ನೆರಿಗೆ ತುಂಬಿದ ಭಾರವಾದ ಪರದೆ ಹಾಕಿ. ಊರಿಂದ ತಂದ ಕೌದಿ ಇದ್ದರೆ ಗೋಡೆಗೆ ತೂಗುಹಾಕಿ, ನೋಡಲೂ ಚೆನ್ನ.

ಇವೆಲ್ಲ ಮೇಲಿನ ಸ್ವರಗಳಿಗೆ ಮಾತ್ರ. ಬಾಸ್ ಹೀರಲು ದಪ್ಪ ಬೇಕು. ಆನ್‌ಲೈನಿನಲ್ಲಿ ಸಿಗುವ ಒಂದಿಂಚಿನ ಪಿರಮಿಡ್ಡಿನ ಆಕಾರದ ಫೋಮ್ ಇದಕ್ಕೆ ಏನೂ ಉಪಯೋಗವಿಲ್ಲ. ಅದನ್ನು ಕೋಣೆ ತುಂಬ ಅಂಟಿಸಿದರೆ ಮೇಲಿನ ಸ್ವರಗಳು ಸತ್ತು, ಕೆಳಗಿನವು ಹಾಗೆಯೇ ಉಳಿದು, ದನಿಗೆ ಕಂಬಳಿ ಹೊದಿಸಿದಂತೆ ಆಗುತ್ತದೆ. ಕಟ್ಟಡದ ಸಾಮಾನು ಮಾರುವವರಲ್ಲಿ ಎರಡಿಂಚು ದಪ್ಪದ ರಾಕ್‌ವೂಲ್ ಹಲಗೆ ಸಿಗುತ್ತದೆ. ಎರಡನ್ನು ಜೋಡಿಸಿ ನಾಲ್ಕಿಂಚು ಮಾಡಿ, ಬಡಗಿಯಿಂದ ಚೌಕಟ್ಟು ಹೊಡೆಸಿ, ನೂಲು ಹೊರಬರದಂತೆ ಸುತ್ತಿ, ಮೇಲೆ ಗಾಳಿಯಾಡುವ ಖಾದಿ ಬಟ್ಟೆ ಬಿಗಿದರೆ ಪ್ಯಾನೆಲ್ ಸಿದ್ಧ. ಮೂಲೆಗಳಲ್ಲಿ ಇನ್ನೂ ದಪ್ಪನಾಗಿ ನಿಲ್ಲಿಸಿ; ಬಾಸ್ ಸೇರುವುದು ಅಲ್ಲೇ. ನೆಲಕ್ಕೆ ಊರಿ ನಿಲ್ಲುವಂತೆ ಮಾಡಿಸಿದರೆ ಬಾಡಿಗೆ ಮನೆಯ ಗೋಡೆಗೆ ಮೊಳೆಯೂ ಬೇಡ, ಮನೆ ಬದಲಿಸಿದಾಗ ಜೊತೆಗೇ ಬರುತ್ತದೆ.

ಕೋಣೆಯನ್ನು ಪೂರ್ತಿ ಕೊಲ್ಲಬಾರದು ಎಂಬುದೂ ನೆನಪಿರಲಿ. ಸದ್ದು ಅಡಗುವ ಕಾಲ ಮೂರರಿಂದ ಐದು ದಶಾಂಶ ಸೆಕೆಂಡು ಇದ್ದರೆ ಮನೆಗೆ ಸಾಕು. ಇದನ್ನು ಅಳೆಯಲು ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಲ್ಯಾಪ್‌ಟಾಪಿಗೆ ಚುಚ್ಚುವ ಯುಮಿಕ್-1ರಂಥ ಅಳತೆಯ ಮೈಕ್ ಒಂದು ಬೇಕು. ಯಾವ ಸ್ವರ ಉಬ್ಬಿದೆ, ಯಾವುದು ಕುಸಿದಿದೆ ಎಂಬುದು ಗೆರೆಯಾಗಿ ಕಣ್ಣಿಗೆ ಕಾಣುತ್ತದೆ. ಉಬ್ಬನ್ನು ಡಿಜಿಟಲ್ ತಿದ್ದುಪಡಿಯಿಂದ ಇಳಿಸಬಹುದು. ಕುಳಿಯನ್ನು ತುಂಬಲು ಹೋಗಬೇಡಿ. ಎಷ್ಟು ಸುರಿದರೂ ಗೋಡೆ ಅಷ್ಟನ್ನೇ ಮರಳಿ ಕೊಟ್ಟು ಅಳಿಸಿಹಾಕುತ್ತದೆ. ಕುಳಿಗೆ ಮದ್ದು ಕುರ್ಚಿ ಸರಿಸುವುದೇ.

ವ್ಯಾಟ್ ಮತ್ತು ಫ್ಯಾನ್

ಇನ್ನು ಆಂಪ್ಲಿಫೈಯರ್. ನೂರು ವ್ಯಾಟ್ ಬೇಕು, ಇನ್ನೂರು ಬೇಕು ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಸಾಧಾರಣ ಸ್ಪೀಕರು ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುತ್ತದೆ. ಹತ್ತಡಿ ಆಚೆ ಕುಳಿತ ನಿಮಗೆ, ಎರಡು ಸ್ಪೀಕರು ಸೇರಿ, ಒಂದೊಂದೇ ವ್ಯಾಟಿನಲ್ಲಿ 80 ಡೆಸಿಬೆಲ್ ದಾಟುತ್ತದೆ. ಮನೆಯಲ್ಲಿ ಹಿತವಾಗಿ ಕೇಳುವ ಮಟ್ಟ 75ರ ಆಸುಪಾಸು. ಅದಕ್ಕೆ ಕಾಲು ವ್ಯಾಟ್ ಕೂಡ ಬೇಕಾಗಿಲ್ಲ. ತಬಲಾದ ಒಂದು ಜೋರು ಪೆಟ್ಟು ಅದಕ್ಕಿಂತ 20 ಡೆಸಿಬೆಲ್ ಏರಿದರೆ ನೂರು ಪಟ್ಟು ಶಕ್ತಿ ಬೇಕು, ಅಂದರೆ ಇಪ್ಪತ್ತು ಚಿಲ್ಲರೆ ವ್ಯಾಟ್. ಸ್ಪೀಕರು ತೀರ ಮೊಂಡಲ್ಲದಿದ್ದರೆ ಐವತ್ತು ವ್ಯಾಟಿನ ಒಳ್ಳೆಯ ಆಂಪ್ ಫ್ಲಾಟಿಗೆ ಧಾರಾಳ. ಐವತ್ತರಿಂದ ನೂರಕ್ಕೆ ಏರಿದರೆ ಸಿಗುವುದು ಬರೀ 3 ಡೆಸಿಬೆಲ್.

ಈಗ ತಲೆಯ ಮೇಲೆ ನೋಡಿ. ತಿರುಗುತ್ತಿರುವ ಸೀಲಿಂಗ್ ಫ್ಯಾನ್! ವಿದೇಶಿ ಪತ್ರಿಕೆಗಳ ವಿಮರ್ಶಕರಿಗೆ ಇಲ್ಲದ, ನಮಗೆ ಮಾತ್ರ ಇರುವ ಉಪಕರಣ ಇದು. ಫ್ಯಾನು, ಹೊರಗಿನ ಹಾರ್ನು, ಅಡುಗೆಮನೆಯ ಚಿಮಣಿ ಸೇರಿ ಕೋಣೆಯ ತಳದಲ್ಲಿ ಸದ್ದಿನ ಕೆಸರು ಇರುತ್ತದೆ. ತಂಬೂರಿಯ ಜೀವಾಳ, ಆಲಾಪದ ಕೊನೆಯ ಉಸಿರು ಆ ಕೆಸರಿನಲ್ಲಿ ಮುಳುಗುತ್ತವೆ. ಮೇಲುಗಡೆಗೆ ಪಕ್ಕದ ಮನೆಯವರ ಮಿತಿ ಇದೆ. ಸಂಗೀತಕ್ಕೆ ಸಿಗುವುದು ಈ ಎರಡರ ನಡುವಿನ ಜಾಗ ಮಾತ್ರ. ತಳದ ಸದ್ದನ್ನು 10 ಡೆಸಿಬೆಲ್ ತಗ್ಗಿಸಿದರೆ, ಆಂಪ್ಲಿಫೈಯರಿನ ಶಕ್ತಿಯನ್ನು ಹತ್ತು ಪಟ್ಟು ಮಾಡಿದಷ್ಟೇ ಜಾಗ ಸಿಗುತ್ತದೆ. ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಯ ಚೌಕಟ್ಟಿಗೆ ಬಿಗಿಯಾದ ಗ್ಯಾಸ್ಕೆಟ್, ಸದ್ದು ಕಡಿಮೆಯಾದ ಫ್ಯಾನ್ ಇಲ್ಲವೇ ಮೆಲ್ಲಗೆ ಓಡುವ ಏಸಿ, ಇವು ಹೈ-ಎಂಡ್ ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಾದವು. ಮೇ ತಿಂಗಳ ಚೆನ್ನೈಯಲ್ಲಿ ಫ್ಯಾನ್ ಆರಿಸಿ ಕೂತು ಕೇಳಿ ಎಂದು ನಾನು ಹೇಳಲಾರೆ.

ಕೇಬಲ್ಲಿನ ವಿಷಯಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಹತ್ತು ಹದಿನೈದು ಅಡಿಗೆ ಸಾಕಷ್ಟು ದಪ್ಪದ ತಾಮ್ರದ ತಂತಿ ಸಾಕು. ಆ ಹಣದಲ್ಲಿ ಎಲೆಕ್ಟ್ರಿಶಿಯನ್ನನನ್ನು ಕರೆಸಿ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೆಯ ಕಟ್ಟಡಗಳಲ್ಲಿ ಮೂರು ಕಾಲಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ತಂತಿಯೇ ಇರದ ಉದಾಹರಣೆ ಬೇಕಾದಷ್ಟಿವೆ. ಸ್ಪೀಕರಿನಲ್ಲಿ ಸದಾ ಕೇಳುವ 'ಹಂ' ಸದ್ದಿಗೆ ಅದೂ ಒಂದು ಕಾರಣ. ಮನೆಯವರ ಜೀವಕ್ಕೆ ಅಪಾಯ ಎನ್ನುವುದು ಅದಕ್ಕಿಂತ ದೊಡ್ಡ ಮಾತು.

ಕಣ್ಣು ಕೇಳುವ ಸಂಗೀತ

"ನಾನು ಅಂಗಡಿಯಲ್ಲಿ ಕೇಳಿಯೇ ತಗೊಂಡೆ, ವ್ಯತ್ಯಾಸ ನನಗೆ ಸ್ಪಷ್ಟವಾಗಿ ಗೊತ್ತಾಯಿತು" ಎನ್ನುವವರಿದ್ದಾರೆ. ಸುಳ್ಳು ಹೇಳುತ್ತಿದ್ದಾರೆ ಎನ್ನುವುದಿಲ್ಲ. ಒಳ್ಳೆಯ ಸ್ಪೀಕರಿಗೂ ಸಾಧಾರಣ ಸ್ಪೀಕರಿಗೂ ವ್ಯತ್ಯಾಸ ಖಂಡಿತ ಇದೆ. ಕೆಟ್ಟ ಸ್ಪೀಕರನ್ನು ಯಾವ ಕೋಣೆಯೂ ಉದ್ಧಾರ ಮಾಡಲಾರದು. ಆದರೆ 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗಬೇಕು. ಅದೇ ಸ್ಪೀಕರುಗಳನ್ನು ಅದೇ ಜನರಿಗೆ ಒಮ್ಮೆ ಪರದೆಯ ಹಿಂದಿನಿಂದ, ಒಮ್ಮೆ ಕಣ್ಣೆದುರಿಗೇ ಇಟ್ಟು ಕೇಳಿಸಿದರು. ಕಾಣದಂತೆ ಕೇಳಿದಾಗ, ಸ್ಪೀಕರನ್ನು ಕೋಣೆಯ ಇನ್ನೊಂದು ಜಾಗಕ್ಕೆ ಸರಿಸಿದರೆ ಅಂಕ ಬದಲಾಗುತ್ತಿತ್ತು. ಕಣ್ಣಿಗೆ ಕಂಡಾಗ ಜನ ದೊಡ್ಡದಕ್ಕೆ, ಚೆಂದದ್ದಕ್ಕೆ, ಹೆಸರಾದದ್ದಕ್ಕೆ ಅಂಕ ಕೊಟ್ಟರು. ಜಾಗ ಬದಲಾದದ್ದು ಅವರ ಕಿವಿಗೆ ಬೀಳುವುದೇ ಕಡಿಮೆಯಾಯಿತು.

ಕೋಣೆಯನ್ನು ನಾವು ಮರೆತದ್ದೇಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಮಿನುಗುವ ವಸ್ತು ಎದುರಿಗಿರುವಾಗ ಕಿವಿ ಕೆಲಸ ನಿಲ್ಲಿಸುತ್ತದೆ. ಮಾರುವವರ ಲಾಭವೂ ವಸ್ತುವಿನಲ್ಲೇ. ಕುರ್ಚಿಯನ್ನು ಎರಡಡಿ ಮುಂದೆ ಎಳೆಯಿರಿ ಎಂಬ ಸಲಹೆಗೆ ಬಿಲ್ ಹರಿಯಲಾಗದು. ಆದ್ದರಿಂದ ಕೊಳ್ಳುವವರು ನಾವೇ ಪಟ್ಟು ಹಿಡಿಯಬೇಕು: ನನ್ನ ಮನೆಯಲ್ಲಿ, ನನ್ನ ಕೋಣೆಯಲ್ಲಿ, ಎರಡು ದಿನ ಕೇಳಿದ ಮೇಲೆಯೇ ಹಣ. ಅಂಗಡಿಯ ಡೆಮೊ ಕೋಣೆಯಲ್ಲಿ ಕೇಳಿದ್ದು ಆ ಕೋಣೆಯ ದನಿ.

ಹಾಲ್ ಯಾರದು?

ಇಲ್ಲಿಯವರೆಗೆ ಓದಿದವರಲ್ಲಿ ಹಲವರಿಗೆ ಒಂದು ಆಕ್ಷೇಪ ಇದ್ದೇ ಇರುತ್ತದೆ. ಮುಂಬೈಯ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಹಾಲ್ ಎಂದರೆ ಊಟ, ಓದು, ಅತಿಥಿಗಳ ಹಾಸಿಗೆ, ಬಟ್ಟೆ ಒಣಗುವ ಸ್ಟ್ಯಾಂಡು ಎಲ್ಲವೂ. ಅಲ್ಲಿ ಸಮಬಾಹು ತ್ರಿಕೋನ ಎಳೆಯುವುದು ಹೇಗೆ?

ನ್ಯಾಯವಾದ ಮಾತು. ನನ್ನ ವಾದಕ್ಕೆ ಅದು ಇನ್ನಷ್ಟು ಬಲ ಕೊಡುತ್ತದೆ. ಕೋಣೆ ಸಣ್ಣದಾದಷ್ಟೂ ಸ್ಪೀಕರು ಸಣ್ಣದಾಗಬೇಕು, ನೀವು ಅದಕ್ಕೆ ಹತ್ತಿರ ಕೂರಬೇಕು. ನಾಲ್ಕೈದು ಅಡಿ ದೂರದಲ್ಲಿ ಕೂತರೆ ನೇರ ಬರುವ ದನಿ ಮೇಲುಗೈಯಾಗಿ ಗೋಡೆಗಳ ಮಾತು ತಗ್ಗುತ್ತದೆ. ಆಡಿಯೊ ಲೋಕದಲ್ಲಿ ಇಂದಿಗೂ ಗೌರವದಿಂದ ಹೆಸರೆತ್ತುವ ಎಲ್ಎಸ್3/5ಎ ಸ್ಪೀಕರು ಒಂದಡಿ ಎತ್ತರದ ಸಣ್ಣ ಪೆಟ್ಟಿಗೆ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಅದನ್ನು ಮಾಡಿದ್ದು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಟ್ಟುಕೊಳ್ಳಲು. ವ್ಯಾನಿಗಿಂತ ನಮ್ಮ ಹಾಲ್ ದೊಡ್ಡದಲ್ಲವೇ? ಅದನ್ನು ಬಿಟ್ಟು, ಆಳೆತ್ತರದ ಸ್ಪೀಕರನ್ನು 10ಕ್ಕೆ 10ರ ಕೋಣೆಗೆ ತಂದು, ಬಾಸ್ ಜಾಸ್ತಿಯಾಯಿತೆಂದು ಅದರ ಬಾಯಿಗೆ ಕಾಲುಚೀಲ ತುರುಕುವುದು ಯಾವ ಜಾಣತನ?

ಹೆಡ್‌ಫೋನ್ ಸಾಕಲ್ಲ ಎನ್ನುವವರಿಗೂ ಒಂದು ಮಾತು. ಹೆಡ್‌ಫೋನು ಕೋಣೆಯನ್ನು ಪೂರ್ತಿ ತಪ್ಪಿಸುತ್ತದೆ, ಕಡಿಮೆ ಹಣಕ್ಕೆ ಒಳ್ಳೆಯ ದನಿ ಕೊಡುತ್ತದೆ, ಒಬ್ಬರೇ ಇದ್ದರೆ ಅದೇ ಸರಿ. ಆದರೆ ಅದರಲ್ಲಿ ಹಾಡು ತಲೆಯೊಳಗೆ ಕೂತುಬಿಡುತ್ತದೆ. ಪಕ್ಕದಲ್ಲಿರುವವರಿಗೆ ಬರೀ ಕಿರಿಕಿರಿ. ನಮ್ಮ ಸಂಗೀತ ಬೈಠಕ್ಕಿನದು. ಗದಗಿನ ಕಡೆಯಿಂದ ಹೊರಟು ಪುಣೆಯಲ್ಲಿ ನೆಲೆ ನಿಂತ ಭೀಮಸೇನ ಜೋಶಿಯವರ ದನಿ ಎದುರಿಗೆ ಕೂತವರ 'ವಾಹ್'ಗಳ ನಡುವೆ ಬೆಳೆದದ್ದು. ಸ್ಪೀಕರಿನ ಎದುರು ಇಬ್ಬರು ಕೂತು ಒಂದೇ ಕ್ಷಣಕ್ಕೆ ತಲೆದೂಗಿದರೆ, ಆ ಖರ್ಚು ಸಾರ್ಥಕ. ಹೀಗಿರುವಾಗ ಹಾಲ್‌ನ ಒಂದೇ ಒಂದು ಕುರ್ಚಿಯನ್ನು 'ನನ್ನ ಜಾಗ' ಎಂದು ಗುರುತು ಮಾಡಿ, ಮಿಕ್ಕವರನ್ನು ಹೊರಗಿಡುವ ಕೇಳುಗ ಕೋಣೆ ನನಗೆ ಸೇರುವುದಿಲ್ಲ. ಆ ಕುರ್ಚಿಯ ಎಡಬಲಕ್ಕೂ ದನಿ ತಕ್ಕಮಟ್ಟಿಗೆ ಸರಿಯಿರಬೇಕು. ಮನೆಯಾಕೆ ಒಪ್ಪದ ಪ್ಯಾನೆಲ್ಲನ್ನು ಬಲವಂತದಿಂದ ತೂಗುಹಾಕಿದರೆ ಅದು ಬಹಳ ದಿನ ತೂಗುವುದಿಲ್ಲ. ಬಟ್ಟೆಯ ಬಣ್ಣವನ್ನು ಆಕೆಯೇ ಆರಿಸಲಿ, ಹಾಡನ್ನೂ.

ಗೋಡೆಯಾಚೆಯವರನ್ನೂ ಮರೆಯುವಂತಿಲ್ಲ. ಪ್ಯಾನೆಲ್ಲು, ಪರದೆ ಯಾವುದೂ ಸದ್ದು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಒಳಗಿನ ಸದ್ದನ್ನು ಹೀರುವುದು ಬೇರೆ, ಸದ್ದನ್ನು ಹೊರಬಿಡದಿರುವುದು ಬೇರೆ; ಎರಡನೆಯದಕ್ಕೆ ಗೋಡೆಯ ತೂಕ ಬೇಕು. ಬಾಸ್ ಕಾಂಕ್ರೀಟಿನ ಮೂಲಕ ಕೆಳಗಿನ ಮನೆಯ ಹಾಸಿಗೆಯವರೆಗೂ ನಡೆದು ಹೋಗುತ್ತದೆ. 2000ರ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಖಾಸಗಿ ಧ್ವನಿ ವ್ಯವಸ್ಥೆಯ ಸದ್ದು ಮನೆಯ ಗಡಿಯಲ್ಲಿ ಆ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಮೆಲ್ಲಗೆ ಕೇಳಿದಾಗ ಸಂಗೀತ ತೆಳುವಾಗುವುದು ನಿಜ. ಸದ್ದು ತಗ್ಗಿದಂತೆ ನಮ್ಮ ಕಿವಿಗೆ ಬಾಸ್ ಇನ್ನಷ್ಟು ಬೇಗ ಕುಂದುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಇದ್ದ 'ಲೌಡ್‌ನೆಸ್' ಗುಂಡಿ ಇದಕ್ಕಾಗಿಯೇ. ಹೈ-ಎಂಡ್ ಕಂಪನಿಗಳು ಶುದ್ಧತೆಯ ಹೆಸರಿನಲ್ಲಿ ಅದನ್ನು ಕಿತ್ತುಹಾಕಿದವು. ಫ್ಲಾಟಿನವರಿಗೆ ಅದು ಬೇಕು. ಆಂಪ್ ಕೊಳ್ಳುವಾಗ ಕೇಳಿ.

ಕೊನೆಗೆ ಹಣದ ಹಂಚಿಕೆ. ಐದು ಲಕ್ಷ ಇಟ್ಟುಕೊಂಡವರು ಒಂದು ಲಕ್ಷವನ್ನು ಕೋಣೆಗೆ ಎತ್ತಿಡಿ: ಅಳತೆಯ ಮೈಕು, ರಾಕ್‌ವೂಲು, ಬಡಗಿಯ ಕೂಲಿ, ಪರದೆ, ಜಮಖಾನೆ, ಕಿಟಕಿಯ ರಬ್ಬರು, ಅರ್ಥಿಂಗು. ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರಿಗೆ, ಮಿಕ್ಕದ್ದು ಆಂಪ್ಲಿಫೈಯರಿಗೂ ಹಾಡು ಬರುವ ಮೂಲಕ್ಕೂ. ಐವತ್ತು ಸಾವಿರ ಇರುವವರಿಗೂ ಇದೇ ಲೆಕ್ಕ. ಏನೂ ಕೊಳ್ಳದೆ, ಮನೆಯಲ್ಲಿ ಈಗ ಇರುವುದನ್ನೇ ಇಟ್ಟುಕೊಂಡು ಶುರು ಮಾಡುವವರಿಗೆ ಮೊದಲು ಬೇಕಾದದ್ದು ಒಂದು ಅಳತೆಯ ಟೇಪು, ಸೋಫಾದ ಇನ್ನೊಂದು ತುದಿ ಹಿಡಿಯಲು ಮನೆಯವರೊಬ್ಬರು.